ಪರದೇಶದಲ್ಲಿ ನೆಲೆ: ಓಣಿಯೂ ಶಾಲೆಯೂ

ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನ, ವಿವಾಹ, ಮರಣ ಇವುಗಳಿಗೆ ಪ್ರತ್ಯೇಕ ದಫ್ತರಗಳುಂಟು. ಊರು ಬಿಟ್ಟು ಹೋದವರಿಗೆಂದು ದಫ್ತರವಿಲ್ಲ. ಆದರೆ ವ್ಯಕ್ತಿಯ ವಿವಾಹವು ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಅದರ ಸೂಚನೆಯು ಜ್ಞಾನಸ್ನಾನವಾದ ಊರಿಗೆ ಬಂದು, ಅವರ ಹೆಸರಿನ ಬದಿಯಲ್ಲಿ ದಾಖಲಾಗಬೇಕೆಂಬುದು ಧರ್ಮಸಭೆಯ ಕಟ್ಟಳೆ. ಹೀಗೆ ವಲಸೆಯ ಚರಿತ್ರೆಯು ದಫ್ತರದ ಅಂಚಿನಲ್ಲಿ ಬರೆಯಲ್ಪಡುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಥೋಲಿಕರ ಸಂಖ್ಯೆ ಅಲ್ಪ; ಒಂದು ಮನೆತನ ಹೊರಟರೂ ದೇವಾಲಯದಲ್ಲಿ ಒಂದು ಪೀಠ ಬರಿದಾಗುತ್ತದೆ. ಮಡದಿ ಮಕ್ಕಳೊಡನೆ ಪರದೇಶಕ್ಕೆ ಹೊರಟವರು ಇಂದು ಕೇಳುವ ಪ್ರಶ್ನೆಗಳು ಎರಡು: ಯಾವ ಓಣಿಯಲ್ಲಿ ಮನೆ ಮಾಡಬೇಕು? ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು? ಈ ಪ್ರಶ್ನೆಗಳು ಹೊಸವಲ್ಲ. ಪಶ್ಚಿಮ ಕರಾವಳಿಯ ನಮ್ಮ ಧರ್ಮಬಾಂಧವರು ನೂರೈವತ್ತು ವರ್ಷಗಳಿಂದ ಇವುಗಳಿಗೆ ಉತ್ತರ ಹುಡುಕಿದ ಬಗೆಯನ್ನು ಶತಮಾನೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತ.

ನಮ್ಮ ಸೀಮೆಯ ಜನರಿಗೆ ಶಾಲೆಯ ಆಯ್ಕೆಯೆಂಬುದು ಮನೆಯ ಹೊಸ್ತಿಲಲ್ಲಿಯೇ ಎದುರಾಗುವ ವಿಷಯ. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. ಗೋವೆಯ ಮಹಾಧರ್ಮಪ್ರಾಂತ್ಯ ಮತ್ತು ಪುಣೆ ಧರ್ಮಪ್ರಾಂತ್ಯಗಳ ಭಾಗಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಿದ್ದು 1953ರಲ್ಲಿ. ಗಡಿಯ ಊರುಗಳಲ್ಲಿ ಕನ್ನಡ ಶಾಲೆಯೂ ಮರಾಠಿ ಶಾಲೆಯೂ ಎದುರುಬದುರಾಗಿ ನಡೆದಿವೆ. ಬೆಳಗಾವಿಯಲ್ಲಿ 1856ರಲ್ಲಿ ಆರಂಭವಾದ ಸಂತ ಪೌಲರ ಶಾಲೆಯು ಇಂಗ್ಲಿಷ್ ವಿದ್ಯೆಯ ದಾರಿ ತೋರಿಸಿತು. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಮತ್ತೊಂದು, ಶಾಲೆಯಲ್ಲಿ ಮೂರನೆಯದು ಎಂಬ ಬಾಳುವೆ ನಮಗೆ ಅಪರಿಚಿತವಲ್ಲ.

ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳನ್ನು ಹಾಯುವ ಮಿರಜ–ಲೋಂಡಾ ರೈಲುಮಾರ್ಗವು ಒಂದು ಕಡೆ ಗೋವೆಯ ದಾರಿಯನ್ನೂ ಇನ್ನೊಂದು ಕಡೆ ಪುಣೆ ಮುಂಬಯಿಗಳ ದಾರಿಯನ್ನೂ ಕೂಡಿಸಿತು. ಮುಂಬಯಿಗೆ ಹೋದ ಗೋವೆಯ ಕಥೋಲಿಕರು ಮೊದಲು ಒಂಟಿ ಗಂಡಸರು. ಹಡಗಿನ ನೌಕರರು, ಅಡುಗೆಯವರು, ವಾದ್ಯಗಾರರು ಧೋಬಿ ತಲಾವ್ ಮುಂತಾದೆಡೆ ತಮ್ಮ ತಮ್ಮ ಊರಿನ ಹೆಸರಿನ ‘ಕೂಡ್’ಗಳಲ್ಲಿ ತಂಗುತ್ತಿದ್ದರು. ಅಲ್ಲೊಂದು ಪೆಟ್ಟಿಗೆ, ಒಂದು ಚಾಪೆ, ಸಾಯಂಕಾಲ ಒಟ್ಟಿಗೆ ಜಪಮಾಲೆ. ಹೆಂಡತಿ ಮಕ್ಕಳು ಊರಿನಲ್ಲಿಯೇ ಉಳಿದಿದ್ದುದರಿಂದ ಶಾಲೆಯ ಚಿಂತೆ ಇರಲಿಲ್ಲ. ಕುಟುಂಬವು ಜೊತೆಗೆ ಬಂದಾಗ ಲೆಕ್ಕಾಚಾರವೇ ಬದಲಾಯಿತು. ದುಡಿಮೆಗೆ ಹತ್ತಿರವಾದ ಸ್ಥಳಕ್ಕಿಂತ ಮಗುವಿಗೆ ಹತ್ತಿರವಾದ ಸ್ಥಳ ಮುಖ್ಯವಾಯಿತು. ದೇವಾಲಯವೂ ಶಾಲೆಯೂ ಇದ್ದ ಮಝಗಾಂವ್, ಮಾಹಿಮ್, ಬಾಂದ್ರಾಗಳು ಕಥೋಲಿಕರ ನೆಲೆಗಳಾಗಿ ಬೆಳೆದವು.

ಕಡಲಾಚೆಯ ಕರಾಚಿಯಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಅಲ್ಲಿ ಸಂತ ಪ್ಯಾಟ್ರಿಕರ ಶಾಲೆ ಪ್ರಾರಂಭವಾದುದು 1861ರಲ್ಲಿ. 1886ರಲ್ಲಿ ಗೋವನ್ನರ ಸಂಘವೊಂದು ಸ್ಥಾಪಿತವಾಯಿತು. ಆ ಬಳಿಕ, 20ನೆಯ ಶತಮಾನದ ಆರಂಭದಲ್ಲಿ, ಸಿನ್ಸಿನಾಟಸ್ ಡಿ’ಅಬ್ರಿಯೊ ಎಂಬ ಗೋವೆಯ ಗೃಹಸ್ಥರ ಹೆಸರಿನ ಬಡಾವಣೆಯೊಂದು ಅಲ್ಲಿ ತಲೆಯೆತ್ತಿತು. ಮೊದಲು ಶಾಲೆ, ನಂತರ ಸಂಘ, ಆಮೇಲೆ ಬಡಾವಣೆ. ಈ ಅನುಕ್ರಮವು ಗಮನಾರ್ಹ.

ಪೂರ್ವ ಆಫ್ರಿಕದಲ್ಲಿ ಆಯ್ಕೆಗೆ ಅಷ್ಟು ಸ್ವಾತಂತ್ರ್ಯವಿರಲಿಲ್ಲ. ಬ್ರಿಟಿಷರ ಆಡಳಿತದ ನೈರೋಬಿಯಲ್ಲಿ ಬಿಳಿಯರು, ಏಷ್ಯನ್ನರು, ಆಫ್ರಿಕನ್ನರು ಎಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಕಲಿಯಬೇಕು ಎಂಬುದನ್ನು ವರ್ಣವೇ ನಿರ್ಣಯಿಸುತ್ತಿತ್ತು. ಬಾಗಿಲು ಮುಚ್ಚಿದ್ದಲ್ಲಿ ನಮ್ಮವರು ತಮ್ಮದೇ ಬಾಗಿಲು ಕಟ್ಟಿಕೊಂಡರು. ವೈದ್ಯ ರೊಸೆಂಡೊ ರಿಬೇರೊ ಅವರ ಔದಾರ್ಯದಿಂದ ಅಲ್ಲಿ ಗೋವನ್ ಮಕ್ಕಳ ಶಾಲೆಯೊಂದು ಎದ್ದು ನಿಂತಿತು. ಅಲ್ಲಿಯ ಮಕ್ಕಳು ವಿದ್ಯಾವಂತರಾದರು. ಆದರೆ ಅನೇಕ ಮನೆಗಳಲ್ಲಿ ಇಂಗ್ಲಿಷ್ ಒಳಗೆ ಬಂದು ಕೊಂಕಣಿ ಹೊರಗೆ ನಿಂತಿತು. 1972ರಲ್ಲಿ ನೆರೆಯ ಉಗಾಂಡದ ಇದಿ ಅಮೀನನು ಏಷ್ಯನ್ನರಿಗೆ 90 ದಿನಗಳ ಗಡುವು ವಿಧಿಸಿ ಹೊರದೂಡಿದಾಗ, ಮನೆ, ಅಂಗಡಿ, ಓಣಿ ಎಲ್ಲವೂ ಹಿಂದೆ ಉಳಿದವು. ಸಂಗಡ ಹೊರಟಿದ್ದು ಕಲಿತ ವಿದ್ಯೆ, ಬಲ್ಲ ಭಾಷೆ, ನಂಬಿದ ವಿಶ್ವಾಸ. ನೈರೋಬಿಯಿಂದಲೂ ಹಲವರು ಕಾಲಕ್ರಮೇಣ ಇಂಗ್ಲೆಂಡ್, ಕೆನಡಗಳಿಗೆ ತೆರಳಿದರು. ರಿಬೇರೊ ಅವರ ಹೆಸರಿನ ಶಾಲೆ ಮಾತ್ರ ಮುಂದೆ ಆ ನಾಡಿನ ಮಕ್ಕಳಿಗೇ ವಿದ್ಯೆಯನ್ನು ನೀಡಿತು.

ಕೊಲ್ಲಿ ರಾಷ್ಟ್ರಗಳ ಕಥೆಯು ನಮ್ಮ ಕಾಲದ್ದು. ಬಹರೈನಿನಲ್ಲಿ ಅಲ್ಲಿಯ ಅರಸರು ಕೊಟ್ಟ ನೆಲದಲ್ಲಿ 1939ರಲ್ಲಿ ಪವಿತ್ರ ಹೃದಯದ ದೇವಾಲಯ ನಿರ್ಮಾಣವಾಯಿತು. ದುಬೈಯಲ್ಲಿ 1967ರಲ್ಲಿ ಸಂತ ಮರಿಯಮ್ಮನವರ ದೇವಾಲಯವೂ, ಮರುವರ್ಷ ಅದೇ ಹೆಸರಿನ ಶಾಲೆಯೂ ಪ್ರಾರಂಭವಾದವು. ಭಾರತದ ಪಠ್ಯಕ್ರಮದ ಶಾಲೆಗಳು ಅಲ್ಲಿ ಹೇರಳವಾಗಿದ್ದು, ಹಿಂದಿರುಗುವ ಮಗುವಿಗೆ ತೊಡಕು ಕಡಿಮೆ. ಆದರೆ ಶುಲ್ಕ ದುಬಾರಿ; ಉದ್ಯೋಗವಿರುವವರೆಗೆ ಮಾತ್ರ ವಾಸ. 1990ರ ಆಗಸ್ಟ್ 2ರಂದು ಕುವೈತಿನ ಮೇಲೆ ಇರಾಕ್ ದಾಳಿ ಮಾಡಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಬೇಕಾಯಿತು. ಅವರ ಮಕ್ಕಳು ಶಾಲಾ ವರ್ಷದ ನಡುವೆಯೇ ಬೇರೆ ಶಾಲೆ ಹುಡುಕಬೇಕಾದವರು. ದುಬೈಯ ಕನ್ನಡಿಗರು 2014ರಿಂದ ಮಕ್ಕಳಿಗಾಗಿ ಕನ್ನಡ ಪಾಠಶಾಲೆಯನ್ನು ನಡೆಸುತ್ತ ಬಂದಿರುವುದು ಇಲ್ಲಿ ಸ್ಮರಣೀಯ.

ಪಶ್ಚಿಮದ ದೇಶಗಳಲ್ಲಿ ಓಣಿಯೂ ಶಾಲೆಯೂ ಒಂದೇ ಗಂಟಿನ ಎರಡು ಎಳೆಗಳು. ಅಮೆರಿಕದಲ್ಲಿ ಸರಕಾರಿ ಶಾಲೆಯ ಪ್ರವೇಶವು ಸಾಮಾನ್ಯವಾಗಿ ಮನೆಯ ವಿಳಾಸವನ್ನು ಅವಲಂಬಿಸಿದೆ. ಒಳ್ಳೆಯ ಶಾಲೆಯ ಸರಹದ್ದಿನಲ್ಲಿ ಬಾಡಿಗೆಯೂ ಹೆಚ್ಚು. ಇಂಗ್ಲೆಂಡಿನ ಕಥೋಲಿಕ ಶಾಲೆಗಳಲ್ಲಿ ಸ್ಥಳಕ್ಕಿಂತ ಅರ್ಜಿಗಳು ಹೆಚ್ಚಾದಾಗ ಜ್ಞಾನಸ್ನಾನದ ಪತ್ರವನ್ನು ಕೇಳುವ ರೂಢಿಯುಂಟು. ಕೆನಡದ ಒಂಟಾರಿಯೊ ಪ್ರಾಂತದಲ್ಲಿ 1867ರ ಸಂವಿಧಾನ ಕಾಯಿದೆಯ ರಕ್ಷಣೆಯಿಂದ ಕಥೋಲಿಕ ಶಾಲೆಗಳು ಸರಕಾರದ ಹಣದಲ್ಲಿಯೇ ನಡೆಯುತ್ತವೆ; ಸಾಕಷ್ಟು ಪೋಷಕರು ಲಿಖಿತವಾಗಿ ಬೇಡಿದರೆ ಮಾತೃಭಾಷೆಯ ತರಗತಿಗೂ ಅವಕಾಶವಿದೆ. ಮನೆಗೆ ಮುಂಗಡ ಕೊಟ್ಟ ಮೇಲೆ ಶಾಲೆಯನ್ನು ವಿಚಾರಿಸುವುದು, ಹಸೆಗೆ ಕುಳಿತ ಮೇಲೆ ಹುಡುಗಿಯ ಮನೆತನ ವಿಚಾರಿಸಿದಂತೆ.

ಈ ಚರಿತ್ರೆಯಿಂದ ಹೊಮ್ಮುವ ತಾತ್ಪರ್ಯ ಒಂದೇ: ಓಣಿಯು ಇಂದಿನ ಆಸರೆ, ವಿದ್ಯೆ ಮತ್ತು ಭಾಷೆಗಳು ನಾಳೆಯ ಬುತ್ತಿ. ನಮ್ಮವರೇ ತುಂಬಿರುವ ಓಣಿಯು ಹೊಸದಾಗಿ ಹೋದ ತಾಯಿಗೆ ಧೈರ್ಯವನ್ನೂ, ಕಾಯಿಲೆ ಬಿದ್ದಾಗ ಗಂಜಿಯನ್ನೂ ಕೊಡುತ್ತದೆ. ಅದನ್ನು ಹಗುರಾಗಿ ಎಣಿಸಲಾಗದು. ಆದರೆ ಅಲ್ಲಿಯೇ ಕದ ಮುಚ್ಚಿ ಕುಳಿತರೆ ಮಗುವು ಆ ನಾಡಿನವರಿಗೂ ಪರಕೀಯ, ಈ ನಾಡಿನವರಿಗೂ ಪರಕೀಯ. ಆದುದರಿಂದ ಮೊದಲು ಶಾಲೆಯನ್ನು ನೋಡಿ, ನಂತರ ಮನೆಯನ್ನು ಹಿಡಿಯುವುದು ಲೇಸು. ಆ ಶಾಲೆಯ ಪಠ್ಯಕ್ರಮವು ಬೇರೆಡೆ ಸಲ್ಲುವುದೇ, ಮಗುವು ನಡೆದು ಹೋಗುವಷ್ಟು ಹತ್ತಿರವೇ, ಸಂಬಳ ನಿಂತರೆ ಶುಲ್ಕ ಭರಿಸಲು ಶಕ್ಯವೇ ಎಂದು ಕೇಳಬೇಕು. ಜ್ಞಾನಸ್ನಾನದ ಪತ್ರ, ಜನನದ ದಾಖಲೆ, ಶಾಲೆಯ ವರ್ಗಾವಣೆ ಪತ್ರಗಳನ್ನು ಹೊರಡುವ ಮುನ್ನವೇ ಪಡೆದಿರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಶಾಲೆಯನ್ನು ಯಾವ ಸರಕಾರವೂ ಕಟ್ಟಿಕೊಡಲಾರದು, ಅದು ಮನೆ. ರಾತ್ರಿಯ ಊಟದ ಹೊತ್ತಿನಲ್ಲಿ ತಾಯಿ ತಂದೆಯರು ಕನ್ನಡವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿದರೆ ಮಗುವಿಗೆ ಅದು ಬಂದೀತು. ರಜೆಯಲ್ಲಿ ಊರಿಗೆ ಬಂದ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ನಡುವೆ ದುಭಾಷಿಯಿಲ್ಲದೆ ಮಾತಾಡಲಿ, ಪ್ರಾರ್ಥನೆಯಲ್ಲಿ ದನಿಗೂಡಿಸಲಿ. ಹೋದವರಿಗೂ ಉಳಿದವರಿಗೂ ಈ ಭಾಗ್ಯ ದೊರೆಯಲೆಂದು ಹಾರೈಸುತ್ತೇನೆ.