ಹೆಬ್ಬಂಡೆಗಳನ್ನು ಸಾಗಿಸಿದ ಬಗೆ: ನಮ್ಮ ನಾಲ್ಕು ತಾಲ್ಲೂಕುಗಳ ಕಲ್ಲಿನ ಕಥೆ

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯ ಹೊರಟವರು ಗುರುಗಳ ಹೆಸರು, ದಾನಿಗಳ ಹೆಸರು, ಅಸ್ತಿಭಾರ ಹಾಕಿದ ದಿನ, ಆಶೀರ್ವದಿಸಿದ ದಿನ ಇವುಗಳನ್ನು ಕ್ರಮವಾಗಿ ನಮೂದಿಸುವುದು ವಾಡಿಕೆ. ಅದು ಉಚಿತವೇ ಸರಿ. ಆದರೆ ಆ ಅಸ್ತಿಭಾರದ ಕಲ್ಲು ಯಾವ ಗುಡ್ಡದಿಂದ ಬಂತು, ಅದನ್ನು ಎಳೆದವರು ಯಾರು, ಯಾವ ಉಪಾಯದಿಂದ ಎಳೆದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸ್ಮರಣ ಸಂಚಿಕೆಯ ಈ ಕೆಲವು ಪುಟಗಳನ್ನು ಆ ಪ್ರಶ್ನೆಗೇ ಮೀಸಲಿಡಲು ನಾವು ಇಚ್ಛಿಸಿದ್ದೇವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆ ಹುಟ್ಟುವ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯಾದರೋ ಹೊನ್ನಾಳಿಯ ಒಡಲಿನಿಂದ ಇತ್ತೀಚೆಗೆ ಬೇರ್ಪಟ್ಟ ತಾಲ್ಲೂಕು. ಪಶ್ಚಿಮದಲ್ಲಿ ತುಂಗಭದ್ರೆಯ ದಡದ ಗದ್ದೆಗಳು, ದಕ್ಷಿಣದಲ್ಲಿ ಅಡಿಕೆ ತೋಟಗಳು, ಈಶಾನ್ಯದಲ್ಲಿ ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಬೆದ್ದಲು: ನೆಲದ ಗುಣ ಹೀಗೆ ಬೇರೆ ಬೇರೆಯಾದರೂ ಕಲ್ಲಿಗೆ ಮಾತ್ರ ಎಲ್ಲಿಯೂ ಕೊರತೆಯಿಲ್ಲ. ಹೊಲ ಉಳುವವನ ನೇಗಿಲಿಗೆ ತಗಲುವ ಗುಂಡೂ ಕಲ್ಲೇ, ಊರ ಮುಂದಿನ ವೀರಗಲ್ಲೂ ಕಲ್ಲೇ.

ಈ ಸೀಮೆಯ ಹಿರಿಯರು ಕಲ್ಲನ್ನು ಎಷ್ಟು ಧೈರ್ಯದಿಂದ ಬಳಸಿದರೆಂಬುದಕ್ಕೆ ಚನ್ನಗಿರಿ ತಾಲ್ಲೂಕಿನ ಎರಡು ಸ್ಥಳಗಳನ್ನು ನೋಡಿದರೆ ಸಾಕು. ಒಂದು ಶಾಂತಿಸಾಗರ, ಎಂದರೆ ನಮ್ಮೆಲ್ಲರ ಬಾಯಲ್ಲಿರುವ ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ತಡೆದು ನಿಲ್ಲಿಸಿದ ಈ ಕೆರೆಯ ಸಿದ್ಧನ ತೂಬು ಮತ್ತು ಬಸವನ ತೂಬುಗಳು ಕಲ್ಲಿನ ಕೆಲಸದಲ್ಲಿ ಪಳಗಿದ ಕೈಗಳಿಗೆ ಸಾಕ್ಷಿಯಾಗಿವೆ. ಎರಡನೆಯದು ಸಂತೆಬೆನ್ನೂರಿನ ಪುಷ್ಕರಿಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದ ಈ ಕೊಳದ ಸುತ್ತಲೂ ಕಲ್ಲಿನ ಮೆಟ್ಟಿಲುಗಳು, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಅಗಲವಾದ ಆ ಮೆಟ್ಟಿಲುಗಳ ಮೇಲೆ ನಿಂತು ಒಮ್ಮೆ ಲೆಕ್ಕ ಹಾಕಬೇಕು. ಕಣಶಿಲೆ, ಎಂದರೆ ಗ್ರಾನೈಟ್, ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ದಪ್ಪದ ಒಂದೇ ಒಂದು ಚಪ್ಪಡಿ ಒಂದೂವರೆ ಟನ್ ಆಯಿತು. ಯಂತ್ರವಿಲ್ಲದ ಕಾಲದಲ್ಲಿ ಅಂಥ ಕಲ್ಲುಗಳ ಸಾಲುಸಾಲನ್ನೇ ಕೊಳದ ತಳದಿಂದ ದಂಡೆಯವರೆಗೆ ಜೋಡಿಸಿದವರ ಹೆಸರನ್ನು ಯಾವ ಶಾಸನವೂ ಕೊಂಡಾಡುವುದಿಲ್ಲ. ಶಾಸನಕ್ಕೆ ಬೇಕಾದವನು ಕಟ್ಟಿಸಿದವನು, ಕಟ್ಟಿದವನಲ್ಲ.

ಆ ಕೆಲಸದ ಹೊರೆ ಹೊತ್ತವರಲ್ಲಿ ಪ್ರಮುಖರು ನಾವು ಇಂದು ಬೋವಿ ಸಮಾಜವೆಂದು ಕರೆಯುವ ಜನ. ಕಲ್ಲು ಒಡೆಯುವವರು ಕಲ್ಲು ವಡ್ಡರು, ಕೆರೆಯ ಮಣ್ಣು ಅಗೆಯುವವರು ಮಣ್ಣು ವಡ್ಡರು, ಒಡೆದ ಕಲ್ಲನ್ನು ಬಂಡಿಯಲ್ಲಿ ಸಾಗಿಸುವವರು ಬಂಡಿ ವಡ್ಡರು ಎಂದು ಅವರಲ್ಲಿಯೇ ಕಸುಬಿನ ಕವಲುಗಳಿದ್ದುದನ್ನು ನೂರು ವರ್ಷಗಳ ಹಿಂದಿನ ಗ್ರಂಥಗಳು ದಾಖಲಿಸಿವೆ. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ, ಕಾವಿಗೆ ಹಿಗ್ಗಿದ ಮೇಲ್ಪದರ ಅಡಿಯ ಬಂಡೆಯಿಂದ ಬಿಟ್ಟುಕೊಳ್ಳುವ ಶಬ್ದವನ್ನು ಕಿವಿಯಿಂದಲೇ ಗುರುತಿಸಿ, ಆಮೇಲೆ ಉಳಿ ಸುತ್ತಿಗೆಗಳಿಂದ ಕುಳಿ ತೋಡಿ ಬೆಣೆ ಹೊಡೆದು ಬೇಕಾದ ಅಳತೆಗೆ ಸೀಳುವುದು ಮೈಸೂರು ಸೀಮೆಯ ಪ್ರಸಿದ್ಧ ವಿದ್ಯೆ. ಅಕ್ಷರ ಕಲಿಯುವ ಅವಕಾಶವಿಲ್ಲದಿದ್ದ ಜನ ಕಲ್ಲಿನ ಎಳೆಯನ್ನು ಓದಬಲ್ಲವರಾಗಿದ್ದರು.

ಸಾಗಿಸುವ ವಿದ್ಯೆಯ ಸಾರವೂ ಅಷ್ಟೇ ಸರಳವಾದುದು. ಆರಡಿಯ ಹಾರೆಯ ತುದಿಯಿಂದ ಮೂರು ಅಂಗುಲ ಈಚೆಗೆ ಒಂದು ಗಟ್ಟಿ ಕಲ್ಲನ್ನು ಒತ್ತುಕೊಟ್ಟು ಒಬ್ಬನು ಐವತ್ತು ಕಿಲೋದಷ್ಟು ಭಾರ ಬಿಟ್ಟರೆ ತುದಿಯಲ್ಲಿ ಸಾವಿರ ಕಿಲೋಗೂ ಮಿಕ್ಕಿದ ಬಲ ಹುಟ್ಟುತ್ತದೆ. ಹೀಗೆ ಕಲ್ಲನ್ನು ಬೆರಳಗಲ ಎತ್ತಿ, ಕೂಡಲೇ ಬೆಣೆ ತೂರಿಸಿ, ಮತ್ತೆ ಬೆರಳಗಲ ಎತ್ತಿ, ಕೆಳಗೆ ಹಲಗೆ ಹಾಸಿ, ಹಲಗೆಯ ಮೇಲೆ ಉರುಳೆಗಳನ್ನಿಟ್ಟರೆ ಮುಗಿಯಿತು. ಯೇಸುಸ್ವಾಮಿಯ ಸಮಾಧಿಯ ಬಳಿಗೆ ಹೋದ ಸ್ತ್ರೀಯರು ದಾರಿಯಲ್ಲಿ ಮಾತಾಡಿಕೊಂಡದ್ದೂ ಕಲ್ಲನ್ನು ಉರುಳಿಸುವವರು ಯಾರೆಂದೇ ಹೊರತು ಎತ್ತುವವರು ಯಾರೆಂದಲ್ಲ. ಭಾರವಾದುದನ್ನು ಉರುಳಿಸಬೇಕು, ಎಳೆಯಬಾರದು ಎಂಬುದು ಅಷ್ಟು ಹಳೆಯ ತಿಳಿವಳಿಕೆ.

ನಮ್ಮ ರಾಜ್ಯದಲ್ಲಿಯೇ ಇದರ ದೊಡ್ಡ ನಿದರ್ಶನಗಳಿವೆ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತನಾದ, ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ಇಪ್ಪತ್ತು ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದರೆಂಬ ಹೇಳಿಕೆ ಉಂಟು. ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರ ನೇತೃತ್ವದಲ್ಲಿ ರೂಪುಗೊಂಡ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಬಹುಗಾಲಿಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಒಯ್ದರು. ಅದರ ತೂಕ ಸುಮಾರು 170 ಟನ್. ತೀರ ಈಚಿನದೆಂದರೆ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ 2018ರ ಕೊನೆಯಲ್ಲಿ ಹೊರಟು 2019ರ ಮಧ್ಯಭಾಗದಲ್ಲಿ ಬೆಂಗಳೂರಿನ ಈಜಿಪುರವನ್ನು ತಲಪಿದ ವಿಷ್ಣು ವಿಗ್ರಹದ ಏಕಶಿಲೆ. ಇನ್ನೂರ ನಲವತ್ತು ಗಾಲಿಗಳ ಆ ವಾಹನವೂ ದಾರಿಯುದ್ದಕ್ಕೂ ಮಣ್ಣಿನಲ್ಲಿ ಹೂತು, ತಿರುವಿನಲ್ಲಿ ಸಿಕ್ಕಿ ದಿನಗಟ್ಟಲೆ ನಿಂತಿತು. ಗಾಲಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ನೆಲ ಮೃದುವಾಗುವುದು ನಿಲ್ಲುವುದಿಲ್ಲ.

ಕಥೋಲಿಕರಾದ ನಮಗೆ ಇನ್ನೂ ಸಮೀಪದ ನಿದರ್ಶನವೊಂದು ರೋಮಿನಲ್ಲಿದೆ. ಸಂತ ಪೇತ್ರರ ಮಹಾದೇವಾಲಯದ ಚೌಕದ ನಡುವೆ ನಿಂತಿರುವ ಸ್ತಂಭವನ್ನು ಚಿತ್ರಗಳಲ್ಲಿ ನೋಡದವರು ನಮ್ಮಲ್ಲಿ ಇರಲಾರರು. ಕಲಿಗುಲ ಚಕ್ರವರ್ತಿಯು ಈಜಿಪ್ಟಿನಿಂದ ತರಿಸಿದ ಈ ಏಕಶಿಲೆ ಸುಮಾರು 25 ಮೀಟರ್ ಎತ್ತರ, 330 ಟನ್ ತೂಕ. ದೇವಾಲಯದ ಪಕ್ಕದಲ್ಲಿದ್ದ ಇದನ್ನು ಮುಂದಿನ ಚೌಕಕ್ಕೆ ತರಬೇಕೆಂದು ಜಗದ್ಗುರು ಐದನೆಯ ಸಿಕ್ಸ್ತುಸರು ಅಪ್ಪಣೆ ಮಾಡಿದಾಗ ಆ ಹೊಣೆ ಹೊತ್ತವರು ದೊಮೆನಿಕೊ ಫೊಂತಾನ ಎಂಬ ಶಿಲ್ಪಿ. 1586ರ ಏಪ್ರಿಲಿನಲ್ಲಿ ಕೆಲಸ ಮೊದಲಾಯಿತು. ಸ್ತಂಭದ ಸುತ್ತ ತೊಲೆಗಳ ಗೋಪುರ ಕಟ್ಟಿ, ಸುಮಾರು 900 ಜನ, 40 ರಾಟೆಯಂತ್ರಗಳು ಮತ್ತು ಅವನ್ನು ತಿರುಗಿಸುವ ಕುದುರೆಗಳ ನೆರವಿನಿಂದ ಅದನ್ನು ಎತ್ತಿ, ಮಲಗಿಸಿ, ಉರುಳೆಗಳ ಮೇಲೆ ಸಾಗಿಸಿ, ಸೆಪ್ಟೆಂಬರ್ 10ರಂದು ಹೊಸ ಜಾಗದಲ್ಲಿ ನಿಲ್ಲಿಸಿದರು. ಆ ದಿನ ಯಾರೂ ಬಾಯಿಬಿಡಕೂಡದೆಂದು ಕಟ್ಟಾಜ್ಞೆಯಿತ್ತೆಂದೂ, ಹಗ್ಗಗಳು ಕಾವೇರಿ ಸಡಿಲುವುದನ್ನು ಕಂಡ ನಾವಿಕನೊಬ್ಬನು ಹಗ್ಗಕ್ಕೆ ನೀರು ಹಾಕಿರೆಂದು ಕೂಗಿ ಕೆಲಸವನ್ನು ಉಳಿಸಿದನೆಂದೂ, ಅದಕ್ಕೆ ಪ್ರತಿಯಾಗಿ ಗರಿಗಳ ಭಾನುವಾರಕ್ಕೆ ಗರಿ ಒದಗಿಸುವ ಹಕ್ಕು ಅವನ ಮನೆತನಕ್ಕೆ ಸಿಕ್ಕಿತೆಂದೂ ಪ್ರತೀತಿ. ನಿಜವೋ ಕಟ್ಟುಕಥೆಯೋ, ನೆನೆದ ನಾರಿನ ಹಗ್ಗ ಬಿಗಿಯುತ್ತದೆಂಬುದನ್ನು ನಮ್ಮ ಬಾವಿಯ ಹಗ್ಗವೂ ಹೇಳುತ್ತದೆ.

ಇಷ್ಟು ದೊಡ್ಡ ಸಂಗತಿಗಳಿಂದ ನಮ್ಮ ಹೊಲದ ಬದುವಿಗೆ ಇಳಿಯೋಣ. ಇಂದು ನಮ್ಮ ಹಳ್ಳಿಗಳಲ್ಲಿ ಸಣ್ಣ ಟ್ರಾಕ್ಟರು ಅಪರೂಪವಲ್ಲ. ಬೆಂಗಳೂರಿನ ವಿ.ಎಸ್.ಟಿ. ಕಂಪನಿಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ತಯಾರಿಸಿದ ಟಿಲ್ಲರುಗಳು ಮೊದಲು ಗದ್ದೆಗೆ ಇಳಿದವು. ಹದಿನೆಂಟು ಅಶ್ವಶಕ್ತಿಯ ಪುಟ್ಟ ಟ್ರಾಕ್ಟರುಗಳು ಅನಂತರ ತೋಟದ ಸಾಲುಗಳಿಗೆ ಬಂದವು. ಇಂಥದೊಂದು ಯಂತ್ರದಿಂದ ಐದು ಟನ್ ಬಂಡೆಯನ್ನು ಸಾಗಿಸಬಹುದೇ? ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಗುಂಡು ಸುಮಾರು ಅಷ್ಟೇ ತೂಗುತ್ತದೆ. ಸಣ್ಣ ಟ್ರಾಕ್ಟರಿನ ಸ್ವಂತ ತೂಕ ಎಂಟುನೂರು ಕಿಲೋ ಆಸುಪಾಸು. ಅಶ್ವಶಕ್ತಿ ಎಷ್ಟೇ ಇರಲಿ, ಗಾಲಿ ನೆಲವನ್ನು ಕಚ್ಚಿ ಹಿಡಿದಷ್ಟೇ ಅದರ ಎಳೆತ. ಗಟ್ಟಿ ನೆಲದಲ್ಲಿ ತೂಕದ ಅರ್ಧ, ಎಂದರೆ ನಾನೂರು ಕಿಲೋ. ಎರೆಭೂಮಿಯಲ್ಲಿ ಅದೂ ಇಲ್ಲ. ಬಂಡೆಯನ್ನು ಬರಿನೆಲದ ಮೇಲೆ ಎಳೆಯಲು ಅದರ ತೂಕದ ಅರ್ಧದಷ್ಟು, ಎರಡೂವರೆ ಟನ್ ಬಲ ಬೇಕು. ಸರಪಳಿ ಬಿಗಿದು ಹೊಗೆ ಎಬ್ಬಿಸಿದರೆ ಗಾಲಿ ಗುಂಡಿ ತೋಡೀತೇ ಹೊರತು ಬಂಡೆ ಕದಲದು.

ಅದೇ ಬಂಡೆಯನ್ನು ಹಾರೆಯಿಂದ ಎತ್ತಿ ಹಲಗೆ ಮತ್ತು ಉರುಳೆಗಳ ಮೇಲೆ ಕೂರಿಸಿದರೆ ಸಮನೆಲದಲ್ಲಿ ತೂಕದ ಇಪ್ಪತ್ತನೆಯ ಒಂದು ಪಾಲು, ಇನ್ನೂರೈವತ್ತು ಕಿಲೋ ಎಳೆತ ಸಾಕಾಗುತ್ತದೆ. ಇದು ಪುಟ್ಟ ಟ್ರಾಕ್ಟರಿನ ಅಳವಿನೊಳಗಿನ ಮಾತು. ಇಪ್ಪತ್ತಡಿಗೆ ಒಂದಡಿ ಏರಿದ್ದರೆ ಮತ್ತೆ ಅಷ್ಟೇ ಎಳೆತ ಕೂಡುತ್ತದೆ. ಆಗ ರಾಟೆ ಬೇಕು. ಹಗ್ಗದ ಒಂದು ಕೊನೆಯನ್ನು ಮುಂದಿನ ಗಟ್ಟಿ ಮರಕ್ಕೋ ಹೂತ ದಿಮ್ಮಿಗೋ ಕಟ್ಟಿ, ಬಂಡೆಗೆ ಬಿಗಿದ ರಾಟೆಯ ಮೂಲಕ ಹಾಯಿಸಿ, ಇನ್ನೊಂದು ಕೊನೆಯನ್ನು ಟ್ರಾಕ್ಟರಿಗೆ ಕೊಟ್ಟರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಕಲ್ಲಿಗೆ ಅವಸರವಿಲ್ಲ. ಫೊಂತಾನ ನಲವತ್ತು ರಾಟೆಗಳಿಂದ ಮಾಡಿದ್ದೂ ಇದನ್ನೇ.

ಅಪಾಯದ ಮಾತನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು, ಏಕೆಂದರೆ ಇದು ಜೀವದ ಪ್ರಶ್ನೆ. ಸರಪಳಿಯನ್ನು ಹಿಂಬದಿಯ ಅಚ್ಚಿಗಿಂತ ಎತ್ತರದಲ್ಲಿ ಬಿಗಿದು ಎಳೆದರೆ ಬಂಡೆ ಕದಲದಿದ್ದಾಗ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ. ಚಾಲಕನು ಕ್ಲಚ್ ತುಳಿಯುವಷ್ಟರಲ್ಲಿ ಯಂತ್ರವೇ ಹಿಂದಕ್ಕೆ ಮಗುಚಿ ಅವನ ಮೇಲೆ ಬೀಳಬಹುದು. ಆದುದರಿಂದ ಕೊಂಡಿ ಸದಾ ಅಚ್ಚಿನ ಕೆಳಗಿರಬೇಕು. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಆ ಬಳಿಯೇ ಸುಳಿಯಬಾರದು. ಇಳಿಜಾರಿನಲ್ಲಿ ಎಳೆಯುವುದಕ್ಕಿಂತ ಹಿಂದಿನಿಂದ ಹಿಡಿಯುವುದೇ ದೊಡ್ಡ ಕೆಲಸ. ಹೂತ ಗೂಟಕ್ಕೆ ಎರಡು ಸುತ್ತು ಹಾಕಿದ ಮಿಣಿಯನ್ನು ನಂಬಿಗಸ್ತನೊಬ್ಬನು ಮೆಲ್ಲಮೆಲ್ಲನೆ ಸಡಿಲಿಸಬೇಕು.

ಎತ್ತಿನ ಕಾಲದಲ್ಲಿ ಸಾಗಿಸಲು ಕಷ್ಟವೆಂದು ಇದ್ದಲ್ಲಿಯೇ ಬಿಟ್ಟಿದ್ದ ಕಲ್ಲುಗಳು ಯಂತ್ರದ ಕಾಲದಲ್ಲಿ ಸುಲಭವಾಗಿ ಚಲಿಸತೊಡಗಿದ್ದರಿಂದ ನಮ್ಮ ಸೀಮೆಗೆ ಬೇರೊಂದು ನಷ್ಟ ಒದಗಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳೂ ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನ ಶಾಸನಗಳೂ ಅಚ್ಚಾಗಿವೆ. ಮಿಷನರಿಯೊಬ್ಬರ ಮಗನಾಗಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಊರೂರಿನ ಶಾಸನಗಳ ಪಾಠವನ್ನು ಹೊಲ, ಕೆರೆ ಏರಿ, ಗುಡಿಯ ಬಾಗಿಲು ಎಂಬ ಸ್ಥಳ ಸೂಚನೆಯೊಡನೆ ದಾಖಲಿಸಿದರು. ಆ ಸೂಚನೆ ಹಿಡಿದು ಹುಡುಕುವವನಿಗೆ ಕಲ್ಲು ಅಲ್ಲಿಯೇ ಇರಬೇಕಷ್ಟೆ. ಸಿಂದರ ರಾಜಧಾನಿಯಾಗಿದ್ದ, ಇಂದು ನ್ಯಾಮತಿ ತಾಲ್ಲೂಕಿಗೆ ಸೇರಿದ ಬೆಳಗುತ್ತಿಯಂಥ ಊರಿನ ಸುತ್ತ ಒಂದೊಂದು ವೀರಗಲ್ಲೂ ಒಬ್ಬ ಮನುಷ್ಯನ ಮರಣದ ದಾಖಲೆ: ತುರು ಕಾದು ಸತ್ತವನು, ಊರಳಿವಿನಲ್ಲಿ ಸತ್ತವನು. ಸಾಗುವಳಿಗೆ ಅಡ್ಡವಾಯಿತೆಂದು ಅದಕ್ಕೆ ಸರಪಳಿ ಸುತ್ತಿ ಮುಖಡಿಯಾಗಿ ಎಳೆದೊಯ್ದು ಬದುವಿಗೆ ಒರಗಿಸಿದರೆ ಎಂಟುನೂರು ವರ್ಷ ಉಳಿದ ಅಕ್ಷರ ಎಂಟು ನಿಮಿಷದಲ್ಲಿ ಸವೆದುಹೋಗುತ್ತದೆ. ನಮ್ಮ ಸ್ಮಶಾನದ ಕಲ್ಲುಗಳ ಮೇಲಿನ ಹೆಸರುಗಳನ್ನು ಸತ್ತವರ ಹಬ್ಬದಂದು ತೊಳೆದು ಹೂವಿಡುವ ನಾವು ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಸರಿಸಲೇಬೇಕಾದರೆ ಮೊದಲು ಪುರಾತತ್ವ ಇಲಾಖೆಗೆ ತಿಳಿಸಬೇಕು. ಅವರ ಒಪ್ಪಿಗೆಯ ಮೇಲೆ ಅಕ್ಷರದ ಮುಖವನ್ನು ಮೇಲೆ ಮಾಡಿ, ಹುಲ್ಲು ಗೋಣಿ ಹಾಸಿ, ಸರಪಳಿಯ ಬದಲು ಅಗಲವಾದ ಪಟ್ಟಿಯಿಂದ ಕಟ್ಟಿ, ಉರುಳೆಯ ಮೇಲೆ ನಡೆಸಬೇಕು.

ಇನ್ನು ಬಲಿಪೀಠದ ಕಲ್ಲು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1236ನೆಯ ವಿಧಿಯು ಸ್ಥಿರ ಬಲಿಪೀಠದ ಮೇಲ್ಹಾಸು ಶಿಲೆಯದಾಗಿರಬೇಕೆಂದೂ, ಅದೂ ಒಂದೇ ಅಖಂಡ ಸಹಜ ಶಿಲೆಯಾಗಿರಬೇಕೆಂದೂ ಹೇಳುತ್ತದೆ. ಬೇರೆ ಯೋಗ್ಯ ವಸ್ತುವಿಗೆ ಧರ್ಮಾಧ್ಯಕ್ಷರ ಮಂಡಲಿ ಅನುಮತಿ ಕೊಡಬಹುದು. ಆರಡಿ ಉದ್ದ, ಮೂರಡಿ ಅಗಲ, ಅರ್ಧ ಅಡಿ ದಪ್ಪದ ಹಾಸು ಏಳುನೂರು ಕಿಲೋಗೆ ಹತ್ತಿರ. ಟ್ರಾಕ್ಟರು ಅದನ್ನು ಬಾಗಿಲವರೆಗೆ ತಂದೀತು, ಒಳಗೆ ಬರಲಾರದು. ಒಳಗಿನದೆಲ್ಲ ಉರುಳೆ, ಹಾರೆ ಮತ್ತು ಮುಕ್ಕಾಲಿಗೆ ತೂಗುಹಾಕಿದ ಚೈನ್ ಪುಲ್ಲಿಯ ಕೆಲಸ. ಕೊನೆಯಲ್ಲಿ ಪೀಠದ ಮೇಲೆ ಕೂರಿಸುವಾಗ ಹಗ್ಗ ಅಡಿಯಲ್ಲಿ ಸಿಕ್ಕಿಕೊಳ್ಳದಂತೆ ಮಾಡುವ ಉಪಾಯವೊಂದಿದೆ. ಕಲ್ಲನ್ನು ನಾಲ್ಕು ಮೂಲೆಗಳಲ್ಲಿ ಒಣ ಮರಳು ತುಂಬಿದ ಚೀಲಗಳ ಮೇಲೆ ಇಳಿಸಿ, ಹಗ್ಗ ಬಿಡಿಸಿಕೊಂಡು, ನಾಲ್ಕೂ ಚೀಲಗಳಿಗೆ ಒಮ್ಮೆಲೇ ಸಣ್ಣ ತೂತು ಮಾಡುತ್ತಾರೆ. ಮರಳು ಸುರಿದಂತೆಲ್ಲ ಕಲ್ಲು ಸದ್ದಿಲ್ಲದೆ ತನ್ನ ಜಾಗಕ್ಕೆ ಇಳಿಯುತ್ತದೆ.