ಗಣರಾಜ್ಯವೂ ಪೌರಧರ್ಮವೂ

ಪ್ರಜಾರಾಜ್ಯದ ವಿಚಾರವು ಪಶ್ಚಿಮದಿಂದಲೇ ಬಂದಿತೆಂದು ಹಲವರ ಎಣಿಕೆ. ಆದರೆ ಪಾಣಿನಿಯ ಸೂತ್ರಗಳಲ್ಲಿ ಸಂಘಗಳ ಮಾತುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಘವೃತ್ತವೆಂಬ ಅಧಿಕರಣವೇ ಉಂಟು. ಶಾಂತಿಪರ್ವದಲ್ಲಿ ಭೀಷ್ಮನು ಗಣಗಳ ಏಳುಬೀಳುಗಳ ಕಾರಣವನ್ನು ಧರ್ಮರಾಜನಿಗೆ ತಿಳಿಸಿರುವನು. ಹೊರಗಿನ ಶತ್ರುವಿಗಿಂತ ಒಳಗಿನ ಲೋಭ ಅಸಹನೆಗಳೇ ಗಣಗಳಿಗೆ ಹೆಚ್ಚು ಭಯಂಕರವೆಂಬುದು ಆತನ ಮತದ ಸಾರ.

ಇದಕ್ಕೆ ವೈಶಾಲಿಯ ಲಿಚ್ಛವಿಗಳೇ ಸಾಕ್ಷಿ. ಅವರ ಸಭೆಯು ಕ್ಷತ್ರಿಯ ಕುಲಗಳದು; ಸಾಮಾನ್ಯ ಒಕ್ಕಲಿಗನಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಮೇಲಿಂದ ಮೇಲೆ ಸಭೆ ಕೂಡಿ ಒಮ್ಮತದಿಂದ ನಡೆಯುವ ವರೆಗೆ ಅವರಿಗೆ ಹಾನಿಯಿಲ್ಲವೆಂದು ಬುದ್ಧನು ನುಡಿದನೆಂಬುದು ಬೌದ್ಧಗ್ರಂಥಗಳಿಂದ ತಿಳಿಯುವದು. ಮಗಧದ ಅಜಾತಶತ್ರುವಿನ ಮಂತ್ರಿಯಾದ ವರ್ಷಕಾರನು ಅವರಲ್ಲಿ ಒಡಕು ಹುಟ್ಟಿಸಿದನು. ಶತ್ರುವು ಬಂದಾಗ ಸಭೆಗೆ ಕರೆಯುವ ಭೇರಿಯನ್ನು ಬಾರಿಸಿದರೂ ಯಾರೂ ಕೂಡಲಿಲ್ಲವೆಂದು ಪಾಲಿ ಅಟ್ಠಕಥೆಯು ಹೇಳುವದು. ಗಣವು ಕೆಟ್ಟದ್ದು ಯುದ್ಧದಲ್ಲಲ್ಲ, ಆ ಮೌನದಲ್ಲಿ.

ಈ ಪಾಠವು ದೂರದ ವೈಶಾಲಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಉಗಾರ ಖುರ್ದದ ಬದಿಯಲ್ಲಿ ಹರಿಯುವ ಕೃಷ್ಣೆಯು ಸಾತಾರೆಯ ಸೀಮೆಯಿಂದ ಇಳಿದು ಬರುವಳು. ಆ ಸೀಮೆಯ ಔಂಧವೆಂಬ ಸಣ್ಣ ಸಂಸ್ಥಾನದಲ್ಲಿ 72 ಹಳ್ಳಿಗಳಿದ್ದವು. ವಿಜಾಪುರ ಜಿಲ್ಲೆಯ ಕನ್ನಡದ ಗುಣದಾಳವೂ ಅದಕ್ಕೇ ಸೇರಿತ್ತು. ಉಗಾರದ ಸಕ್ಕರೆ ಕಾರಖಾನೆಯ ಕಂಪನಿಯು ಸ್ಥಾಪಿತವಾದ 1939ರಲ್ಲಿಯೇ, ಜನವರಿ ತಿಂಗಳಲ್ಲಿ, ಅಲ್ಲಿಯ ಅರಸರಾದ ಭವಾನರಾವ ಪಂತ ಪ್ರತಿನಿಧಿಯವರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಗಾಂಧೀಜಿಯವರ ಸಲಹೆಯೂ ಪೋಲಂಡ ದೇಶದ ಇಂಜಿನಿಯರ ಮಾರಿಸ್ ಫ್ರಿಡ್ಮನ್ನರ ನೆರವೂ ಆ ಘಟನೆಗೆ ದೊರೆತವು. ಹಳ್ಳಿಗರು ಆರಿಸಿದ ಐವರ ಪಂಚಾಯಿತಿ, ಅದರ ಮೇಲೆ ತಾಲೂಕಾ ಸಭೆ, ಅದರ ಮೇಲೆ ಶಾಸನಸಭೆ: ಹೀಗೆ ರಾಜ್ಯವು ಬುಡದಿಂದ ಮೇಲಕ್ಕೆ ಬೆಳೆಯಿತು. ಸಣ್ಣ ವ್ಯಾಜ್ಯಗಳ ನ್ಯಾಯವನ್ನು ಊರವರೇ ನೋಡತೊಡಗಿದರು. ದೊರೆಯ ಕೃಪೆಯನ್ನು ಬೇಡುತ್ತಿದ್ದವನು ನೆರೆಯವನಿಗೆ ನ್ಯಾಯ ಹೇಳಬೇಕಾಯಿತು. ಸ್ವಾತಂತ್ರ್ಯದ ನಿಜವಾದ ಭಾರವು ಆಗಲೇ ಅವನ ಹೆಗಲಿಗೆ ತಿಳಿದಿರಬೇಕು.

1948ರ ಮಾರ್ಚ್ 8ರಂದು ಔಂಧವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1950ರ ಜನವರಿ 26ರಿಂದ ಇಡಿಯ ಭಾರತವೇ ಗಣರಾಜ್ಯವಾಯಿತು. ಲಿಚ್ಛವಿಗಳು ಒಕ್ಕಲಿಗನಿಗೆ ಕೊಡದ ಸ್ಥಾನವನ್ನು ನಮ್ಮ ಸಂವಿಧಾನವು ಕೊಟ್ಟಿರುವದು. 1993ರ ಪಂಚಾಯತಿ ಕಾಯದೆಯು ಗ್ರಾಮಸಭೆಯನ್ನೂ ಏರ್ಪಡಿಸಿರುವದು. ಆದರೆ ಸಭೆಗೆ ಹೋಗುವ ಮನಸ್ಸನ್ನು ಯಾವ ಕಾಯದೆಯೂ ಕೊಡಲಾರದು. ಲೆಕ್ಕ ಕೇಳದೆ ಮನೆಯಲ್ಲಿ ಕುಳಿತು ಪಂಚರನ್ನು ಬಯ್ಯುವವನು ವೈಶಾಲಿಯ ಭೇರಿಗೆ ಕಿವುಡಾದವರ ಸಾಲಿನವನೇ. ಖುರ್ದವೆಂದರೆ ಸಣ್ಣದು. ದೊಡ್ಡ ಗಣರಾಜ್ಯದ ಆಯುಷ್ಯವು ಇಂಥ ಸಣ್ಣ ಊರುಗಳ ಡಂಗುರಕ್ಕೆ ಎಷ್ಟು ಜನ ಎದ್ದು ಬರುವರೆಂಬುದರ ಮೇಲೆಯೇ ನಿಂತಿರುವದು.