ಮೊಬೈಲ್ ಜಾಲಗಳಲ್ಲಿ ಲಭ್ಯ ಬ್ಯಾಂಡ್‌ವಿಡ್ತ್ ಮಾಪನ

ಜಾಲದ ಒಂದು ಮಾರ್ಗದಲ್ಲಿ ಇತರ ಸಂಚಾರವು ಬಳಸಿದ ನಂತರ ಉಳಿಯುವ ದತ್ತಾಂಶ ಸಾಗಣೆಯ ಸಾಮರ್ಥ್ಯವನ್ನು ಲಭ್ಯ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಉದಾಹರಣೆಗೆ, ಸೆಕೆಂಡಿಗೆ 50 ಮೆಗಾಬಿಟ್ ಸಾಮರ್ಥ್ಯದ ಕೊಂಡಿಯಲ್ಲಿ 35 ಮೆಗಾಬಿಟ್ ಬಳಕೆಯಲ್ಲಿದ್ದರೆ ಲಭ್ಯವಿರುವುದು 15 ಮೆಗಾಬಿಟ್. ಹಲವು ಕೊಂಡಿಗಳಿರುವ ಮಾರ್ಗದಲ್ಲಿ ಅತಿ ಕಡಿಮೆ ಉಳಿಕೆಯುಳ್ಳ ಕೊಂಡಿಯೇ ಇಡೀ ಮಾರ್ಗದ ಮಿತಿಯನ್ನು ನಿರ್ಧರಿಸುತ್ತದೆ. ಮೊಬೈಲ್ ಜಾಲಗಳಲ್ಲಿ ಅದು ಸಾಮಾನ್ಯವಾಗಿ ಫೋನ್ ಮತ್ತು ಬೇಸ್ ಸ್ಟೇಷನ್ ನಡುವಿನ ರೇಡಿಯೋ ಕೊಂಡಿಯಾಗಿರುತ್ತದೆ.

ಮಾಪನ ವಿಧಾನಗಳು

ಜನಪ್ರಿಯ ವೇಗಪರೀಕ್ಷೆಗಳು ಮಾರ್ಗವು ತುಂಬುವಷ್ಟು ದತ್ತಾಂಶವನ್ನು ಕಳುಹಿಸಿ ತಲುಪಿದ ವೇಗವನ್ನು ಅಳೆಯುತ್ತವೆ. ಈ ವಿಧಾನ ಸರಳವಾದರೂ ದುಬಾರಿ: ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 10 ಸೆಕೆಂಡ್ ನಡೆಯುವ ಪರೀಕ್ಷೆಗೆ 125 ಮೆಗಾಬೈಟ್ ವೆಚ್ಚವಾಗುತ್ತದೆ. ಇದು ಬಳಕೆದಾರರ ಡೇಟಾ ಪ್ಯಾಕ್ ಹಾಗೂ ಬ್ಯಾಟರಿಯನ್ನು ಕರಗಿಸುವುದಲ್ಲದೆ, ಅದೇ ಬೇಸ್ ಸ್ಟೇಷನ್ ಬಳಸುವ ಇತರರ ಪಾಲನ್ನೂ ಕಡಿಮೆ ಮಾಡುತ್ತದೆ.

ಇದಕ್ಕೆ ಪರ್ಯಾಯವಾಗಿ, ಪ್ಯಾಕೆಟ್‌ಗಳ ಸಣ್ಣ ಸರಣಿಗಳನ್ನು ಕಳುಹಿಸುವ ವಿಧಾನಗಳಿವೆ. ಸರಣಿಯ ವೇಗವು ಲಭ್ಯ ಬ್ಯಾಂಡ್‌ವಿಡ್ತನ್ನು ಮೀರಿದಾಗ ಪ್ಯಾಕೆಟ್‌ಗಳು ಸರತಿಯಲ್ಲಿ ನಿಲ್ಲುತ್ತವೆ ಮತ್ತು ಅವುಗಳ ವಿಳಂಬ ಕ್ರಮೇಣ ಏರುತ್ತದೆ. ಮನೀಶ್ ಜೈನ್ ಮತ್ತು ಕಾನ್‌ಸ್ಟಾಂಟಿನೋಸ್ ಡೊವ್ರೊಲಿಸ್ 2002ರಲ್ಲಿ ಪ್ರಕಟಿಸಿದ 'ಪಾತ್‌ಲೋಡ್' ಈ ತತ್ತ್ವವನ್ನು ಆಧರಿಸಿದೆ. 2003ರ 'ಪಾತ್‌ಚರ್ಪ್' ಪ್ಯಾಕೆಟ್‌ಗಳ ನಡುವಿನ ಅಂತರವನ್ನು ಹಂತಹಂತವಾಗಿ ಕುಗ್ಗಿಸುವ ಮೂಲಕ ಒಂದೇ ಸರಣಿಯಲ್ಲಿ ಹಲವು ವೇಗಗಳನ್ನು ಪರೀಕ್ಷಿಸುತ್ತದೆ.

ಮೊಬೈಲ್ ಜಾಲದ ತೊಡಕುಗಳು

ಈ ಸಾಧನಗಳು ಕೊಂಡಿಯ ಸಾಮರ್ಥ್ಯ ಸ್ಥಿರವೆಂದೂ, ಮೊದಲು ಬಂದ ಪ್ಯಾಕೆಟ್ ಮೊದಲು ಹೊರಡುತ್ತದೆಂದೂ ಭಾವಿಸುತ್ತವೆ. ಮೊಬೈಲ್ ಜಾಲದಲ್ಲಿ ಇವೆರಡೂ ನಿಜವಲ್ಲ. ಎಲ್‌ಟಿಇ ವ್ಯವಸ್ಥೆಯಲ್ಲಿ ಬೇಸ್ ಸ್ಟೇಷನ್ ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಸರತಿಯನ್ನು ಇಟ್ಟುಕೊಂಡು, ಸಂಕೇತದ ಗುಣಮಟ್ಟ ಮತ್ತು ಬೇಡಿಕೆಗಳನ್ನು ನೋಡಿ 1 ಮಿಲಿಸೆಕೆಂಡಿಗೊಮ್ಮೆ ರೇಡಿಯೋ ಸಂಪನ್ಮೂಲವನ್ನು ಹಂಚುತ್ತದೆ. ಆದ್ದರಿಂದ ಸಮಾನ ಅಂತರದಲ್ಲಿ ಕಳುಹಿಸಿದ ಪ್ಯಾಕೆಟ್‌ಗಳೂ ಗುಂಪುಗುಂಪಾಗಿ ತಲುಪಬಹುದು. ರೇಡಿಯೋ ದೋಷದಿಂದಾಗುವ ಮರುರವಾನೆ ಹಾಗೂ ನಿಷ್ಕ್ರಿಯ ಸ್ಥಿತಿಯಿಂದ ಫೋನ್ ಎಚ್ಚರಗೊಳ್ಳಲು ತಗಲುವ ಸಮಯವೂ ವಿಳಂಬವನ್ನು ಹೆಚ್ಚಿಸುತ್ತವೆ. ಇಂತಹ ವಿಳಂಬವನ್ನು ದಟ್ಟಣೆಯೆಂದು ತಪ್ಪಾಗಿ ಗ್ರಹಿಸುವ ಸಾಧ್ಯತೆಯಿದೆ.

ಮಿತವ್ಯಯದ ಮಾಪನ

ವೆಚ್ಚ ಮತ್ತು ನಿಖರತೆಗಳನ್ನು ಸರಿದೂಗಿಸಲು ಕೆಲವು ಕ್ರಮಗಳು ಬಳಕೆಯಲ್ಲಿವೆ:

• ಫೋನ್ ಎಚ್ಚರಗೊಳ್ಳುವ ಅವಧಿಯ ಆರಂಭದ ಪ್ಯಾಕೆಟ್‌ಗಳನ್ನು ಲೆಕ್ಕದಿಂದ ಕೈಬಿಡುವುದು.
• ಎರಡು ಪ್ಯಾಕೆಟ್‌ಗಳ ಅಂತರದ ಬದಲು, ಹಲವು ಹಂಚಿಕೆ ಅವಧಿಗಳ ಸರಾಸರಿಯನ್ನು ಗಣಿಸುವುದು.
• ಫಲಿತಾಂಶ ಸ್ಥಿರಗೊಂಡ ಕೂಡಲೇ ಪರೀಕ್ಷೆಯನ್ನು ನಿಲ್ಲಿಸುವುದು.
• ಬಳಕೆದಾರರು ಹೇಗೂ ನಡೆಸುವ ಸಂಚಾರದಿಂದಲೇ ವೇಗವನ್ನು ಅಂದಾಜಿಸುವುದು.

ಕೊನೆಯದನ್ನು ನಿಷ್ಕ್ರಿಯ ಮಾಪನ ಎನ್ನುತ್ತಾರೆ. ಅಂತರಜಾಲದ ವಿಡಿಯೋ ಪ್ಲೇಯರ್‌ಗಳು ಹಿಂದಿನ ತುಣುಕುಗಳು ಇಳಿದ ವೇಗವನ್ನು ಗಮನಿಸಿ ಮುಂದಿನ ತುಣುಕಿನ ಗುಣಮಟ್ಟವನ್ನು ಆರಿಸುವುದು ಇದೇ ಕ್ರಮದಲ್ಲಿ. ಇದಕ್ಕೆ ಹೆಚ್ಚುವರಿ ದತ್ತಾಂಶ ಬೇಕಿಲ್ಲ. ಆದರೆ ಅನ್ವಯವು ಕಡಿಮೆ ದತ್ತಾಂಶವನ್ನು ಕೇಳಿದಾಗ ಲಭ್ಯ ಬ್ಯಾಂಡ್‌ವಿಡ್ತಿನ ಪೂರ್ಣ ಪ್ರಮಾಣ ತಿಳಿಯುವುದಿಲ್ಲ.